ಗುರವ್ವನ ಬಾಟ್ಲಿ

ಗುರವ್ವ ನನ್ನ ಸವತಿ. ಆಕೆ ತೀರಿಕೊಂಡು ಎಂಟು ತಿಂಗಳಾಯಿತು. "ಆಕೀದು ಒಂದಿಷ್ಟು ಬರದ ಇಡೋ, ಮೊಮ್ಮಕ್ಕಳು ಓದಲಿ" ಎಂದು ನಮ್ಮ ಮನೆಯವರು ಮಗನಿಗೆ ಹೇಳಿದರು. ಮಗ ಇವತ್ತು ನಾಳೆ ಎಂದು ಜಾರಿಕೊಂಡ. ಕೊನೆಗೆ ಅದು ನನ್ನ ಕೊರಳಿಗೇ ಬಿತ್ತು. ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ನನ್ನ ವಯಸ್ಸಿನವರೊಳಗೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಹೆಂಗಸು ನಾನೊಬ್ಬಳೇ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ, ಬರೆಯುತ್ತೇನೆ. ಆದರೆ ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚು ಇತ್ತು, ಈಗಲೂ ಇದೆ. ಅದನ್ನು ಬಿಟ್ಟು ಬರೆದರೆ ಉಪ್ಪಿಲ್ಲದ ಸಾರು ಬಡಿಸಿದ ಹಾಗೆ. ಮನೆಯವರ ಕಣ್ಣಿಗೆ ಪೊರೆ ಬಂದಿದೆ, ಅಕ್ಷರ ಕಾಣುವುದಿಲ್ಲ, ನಾನೇ ಓದಿ ಹೇಳಬೇಕು. ಮೊಮ್ಮಕ್ಕಳಿಗೆ ಇದನ್ನು ಓದುವ ಬುದ್ಧಿ ಬರುವ ಹೊತ್ತಿಗೆ ನಾವ್ಯಾರೂ ಇರುವುದಿಲ್ಲ. ಹಾಗಾಗಿ ಯಾರ ಹಂಗೂ ಇಲ್ಲದೆ ಬರೆಯುತ್ತಿದ್ದೇನೆ.

ಗುರವ್ವನಿಗೆ ಮದುವೆಯಾಗಿ ಹತ್ತು ವರ್ಷ ಮಕ್ಕಳಾಗಲಿಲ್ಲ. ಗಂಡನಿಗೆ ಎರಡನೆಯ ಹೆಣ್ಣು ನೋಡಲು ಆಕೆಯೇ ಹೊರಟಳು. ನಲವತ್ತೈದನೇ ಇಸವಿಯಲ್ಲಿ ರೈಲು ಹತ್ತಿ ಗುಡಗೇರಿಯ ನಮ್ಮ ಮನೆಗೆ ಬಂದಳು. ಆಗ ನನಗೆ ಹದಿನಾಲ್ಕು, ಆಕೆಗೆ ಇಪ್ಪತ್ತನಾಲ್ಕು. ನನ್ನ ಜಡೆ ಹಿಡಿದು ನೋಡಿದಳು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿದಳು, ಪಾಠದ ಪುಸ್ತಕ ಓದಿಸಿದಳು. ಆಮೇಲೆ ಉಡಿಯಿಂದ ಒಂದು ಬಾಳೆಹಣ್ಣು ತೆಗೆದು ಸುಲಿದು ನನ್ನ ಕೈಗೆ ಕೊಟ್ಟಳು. ಹೀಗೆ ಎರಡನೆಯವಳನ್ನು ಮಾಡಿಕೊಳ್ಳಬಾರದು ಎಂದು ಮುಂದಿನ ವರ್ಷವೇ ಸರಕಾರದ ಕಾಯ್ದೆ ಬಂತು. ಅದು ಒಂದು ವರ್ಷ ಮೊದಲು ಬಂದಿದ್ದರೆ ನಾನು ಎಲ್ಲಿಯೋ ಯಾರಿಗೋ ಮೊದಲನೆಯವಳಾಗಿಯೇ ಇರುತ್ತಿದ್ದೆ. ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ ಆ ಶಿವನಿಗೇ ಗೊತ್ತು.

ಗುರವ್ವ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಅದೇ ನನ್ನ ತ್ರಾಸು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ತವರಿಗೆ ಹೋಗಿ ಅಳಬಹುದಿತ್ತು. ನನ್ನ ಎರಡು ಬಾಣಂತನವನ್ನೂ ಆಕೆಯೇ ಮಾಡಿದಳು. ಮಗ, ಮಗಳು ಇಬ್ಬರೂ ಬಿದ್ದು ಗಾಯ ಮಾಡಿಕೊಂಡರೆ "ದೊಡ್ಡವ್ವಾ" ಎಂದು ಅಳುತ್ತಿದ್ದರೇ ಹೊರತು "ಅವ್ವಾ" ಅನ್ನುತ್ತಿರಲಿಲ್ಲ. ಮನೆಯವರು, ಅಂದರೆ ನಮ್ಮ ಗಂಡ ಈರಬಸಪ್ಪನವರು, ಕಾಳಿನ ಪೇಟೆಯಿಂದ ಬಂದು ಹೊಸ್ತಿಲು ದಾಟುತ್ತಲೇ "ಗುರವ್ವಾ" ಎಂದು ಕೂಗುತ್ತಿದ್ದರು. ನಾನು ಬಾಗಿಲಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದರೂ ಬಾಯಿಗೆ ಬರುತ್ತಿದ್ದದ್ದು ಆ ಹೆಸರೇ. ನಾನು ಬಡಿದ ರೊಟ್ಟಿ ಮುರಿಯುತ್ತ "ಗುರವ್ವ ಉಂಡ್ಳೇನ?" ಎಂದು ನನ್ನನ್ನೇ ಕೇಳುತ್ತಿದ್ದರು. ಹೌದ್ರಿ, ಉಂಡಾಳ್ರಿ, ಎಂದು ಹೇಳಿ ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ.

ಮನೆಯವರದು ದಲಾಲಿ ಅಂಗಡಿ. ದಿನವಿಡೀ ಗಾದಿಯ ಮೇಲೆ ಕಾಲು ಮಡಿಚಿ ಕೂತು ಕೂತು ಐವತ್ತು ದಾಟುವಾಗ ಬಲಗಾಲಿನ ಮೊಣಕಾಲು ಹಾಳಾಯಿತು. ಅಂದಿನಿಂದ ಹತ್ತು ವರ್ಷ ಆ ಮೊಣಕಾಲು ಗುರವ್ವನ ಸ್ವತ್ತು. ದಿನಾ ಸಂಜೆ ಉಪ್ಪನ್ನು ಹಂಚಿನ ಮೇಲೆ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವಳು. ಶಾಖ ಕೊಡುತ್ತ ಇಬ್ಬರೂ ಮಾತಾಡುವರು, ಪೇಟೆ ಧಾರಣೆ, ಯಾರ ಎತ್ತು ಸತ್ತಿತು, ಯಾರ ಮಗಳು ಮರಳಿ ಬಂದಳು. ನಾನು ಒಲೆಯ ಮುಂದೆ ಕೂತು ಕಿವಿ ಅತ್ತ ಇಟ್ಟಿರುತ್ತಿದ್ದೆ. ನನಗೆ ಮಕ್ಕಳು ಸಿಕ್ಕರು, ಆಕೆಗೆ ಮೊಣಕಾಲು ಸಿಕ್ಕಿತು. ಮಕ್ಕಳು ದೊಡ್ಡವರಾಗಿ ಅವರವರ ಸಂಸಾರಕ್ಕೆ ಬಿದ್ದರು, ಮೊಣಕಾಲು ಮನೆಯಲ್ಲೇ ಉಳಿಯಿತು. ಆಗ ನನಗೆ ಪಾಲಿನಲ್ಲಿ ಯಾರಿಗೆ ಹೆಚ್ಚು ಬಂತು ಎಂದು ಗೊತ್ತಾಯಿತು.

ಎಪ್ಪತ್ತಾರನೇ ಇಸವಿಗೆ ಅವರು ಪಾಯಖಾನೆಗೂ ಗೋಡೆ ಹಿಡಿದು ಹೋಗುವ ಹಾಗಾಯಿತು. ಹುಬ್ಬಳ್ಳಿಯ ಒಂದು ದೊಡ್ಡ ದವಾಖಾನೆಗೆ ಪರದೇಶದಲ್ಲಿ ಕಲಿತು ಬಂದ ಪಾಂಡುರಂಗ ಡಾಕ್ಟರು ಬಂದಿದ್ದರು. ಸವೆದ ಮೊಣಕಾಲು ತೆಗೆದು ಅಲ್ಲಿ ಲೋಹದ ಕೀಲು ಕೂರಿಸುತ್ತಾರಂತೆ ಎಂಬ ಸುದ್ದಿ ನಮ್ಮ ಪೇಟೆಗೂ ಬಂತು. ಆ ಕಾಲಕ್ಕೆ ಅದು ನಂಬುವ ಮಾತಾಗಿರಲಿಲ್ಲ. ನಾವು ಮೂವರೂ ಹೋದೆವು. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು.

"ಕೊಯ್ಯೂ ಮುಂದ ತೊಡಿ ಬಿಗದು ಕಟ್ಟಿರ್ತೇವಿ, ಆಗ ರಕ್ತ ಹೋಗೂದಿಲ್ಲ. ಕಟ್ಟು ಬಿಚ್ಚಿದ ಮ್ಯಾಲೆನ ತ್ರಾಸು. ಮೊದಲನೇ ದಿವಸ ಒಳಗಿಂದ ಜಿನುಗತನ ಇರ್ತದ. ಅದನ್ನ ಎಷ್ಟು ಕಡಿಮಿ ಮಾಡ್ತೇವೋ ಅಷ್ಟು ಛಲೋ. ಆದ್ರೂ ಒಂದು ಬಾಟ್ಲಿ ರಕ್ತ ತಯಾರಿರಬೇಕು. ಮನಿಯವರ ಪೈಕಿ ಯಾರದು ಕೂಡತದ ನೋಡೂಣು."

ಆ ವರ್ಷ ದವಾಖಾನೆ ಅಂದರೆ ಗಂಡಸರು ಓಡುವ ಕಾಲ. ಮಕ್ಕಳಾಗದ ಹಾಗೆ ಆಪರೇಶನ್ ಮಾಡಲು ಊರೂರಿಗೆ ಜೀಪು ಬರುತ್ತಿತ್ತು. ನಮ್ಮ ಮೈದುನ ಮಡಿವಾಳೆಪ್ಪ ಏಳು ಮಕ್ಕಳ ತಂದೆ. ಅಣ್ಣನ ಸಲುವಾಗಿ ರಕ್ತ ಪರೀಕ್ಷೆ ಮಾಡಿಸು ಎಂದರೆ, "ರಕ್ತ ಅಂತ ಒಳಗ ಕರಕೊಂಡ ಹೋಗ್ತಾರ, ಬ್ಯಾರೇನ ಮಾಡಿ ಕಳಸ್ತಾರ. ನನಗೆಲ್ಲಾ ಗೊತ್ತೈತಿ" ಎಂದು ಗುಡಗೇರಿ ಸಂತೆಗೆ ಹೋದವನು ಹದಿನೈದು ದಿನ ಅಲ್ಲೇ ಉಳಿದ. ಅವನನ್ನು ನೋಡಿ ಉಳಿದ ಅಣ್ಣತಮ್ಮಂದಿರೂ ತಲೆ ಮರೆಸಿಕೊಂಡರು.

ಉಳಿದದ್ದು ಮಗ, ಮಗಳು, ನಾನು, ಗುರವ್ವ. ನಾಲ್ವರ ಬೆರಳೂ ಚುಚ್ಚಿದರು. ನನ್ನದು ಅವರಿಗೆ ಕೂಡುವ ಗುಂಪಲ್ಲ. ಮಕ್ಕಳಿಬ್ಬರದೂ ನನ್ನ ಗುಂಪೇ. ಮಗ ನನ್ನ ಮುಖ ಹೊತ್ತು ಹುಟ್ಟಿದ್ದಾನೆ ಎಂದು ಇಪ್ಪತ್ತೆಂಟು ವರ್ಷ ಜಂಬ ಪಟ್ಟಿದ್ದೆ, ಅವನು ರಕ್ತವನ್ನೂ ನನ್ನದೇ ಹೊತ್ತು ಬಂದಿದ್ದ. ವತ್ಸಲಾಬಾಯಿ ಎಂಬ ನರ್ಸಮ್ಮ ಚೀಟಿ ಹಿಡಿದು ಹೊರಗೆ ಬಂದು, "ಗುರವ್ವಾಬಾಯಿಯವರದು ಅಗದಿ ಬರೋಬ್ಬರಿ ಕೂಡತದ ನೋಡ್ರಿ" ಎಂದಳು. ಗುರವ್ವ ಅಲ್ಲೇ ನಿಂತಲ್ಲೇ ಎರಡೂ ಕೈ ಎತ್ತಿ ಮುಗಿದಳು. ಆಕೆಯ ಮುಖ ಅಷ್ಟು ಅರಳಿದ್ದನ್ನು ನಾನು ನನ್ನ ಮಗ ಹುಟ್ಟಿದ ದಿನವೂ ನೋಡಿರಲಿಲ್ಲ.

ನನಗೆ ಮೈಯೆಲ್ಲ ಉರಿದು ಹೋಯಿತು. ಮೂವತ್ತೊಂದು ವರ್ಷ ಆಕೆ ಅವರ ನಾಲಿಗೆಯ ಮೇಲಿದ್ದಳು, ಅದು ಸಾಲದು ಎಂದು ಈಗ ಮೈಯೊಳಗೂ ಹೋಗಿ ಕೂಡುವವಳಿದ್ದಳು. ಮಕ್ಕಳನ್ನು ಹೆತ್ತವಳು ನಾನು, ಬೆರೆಯುವ ರಕ್ತ ಆಕೆಯದು. ಇದನ್ನು ಹೇಗಾದರೂ ತಪ್ಪಿಸಬೇಕು ಎಂದು ಅಣ್ಣಿಗೇರಿಗೆ ಮರಳುವ ರೈಲಿನಲ್ಲೇ ನಿಶ್ಚಯ ಮಾಡಿದೆ. ಎದುರಿಗೆ ಕೂತ ಗುರವ್ವ ನನಗೆ ಶೇಂಗಾ ಸುಲಿದು ಕೊಡುತ್ತಿದ್ದಳು.

ಮರುದಿನ ಹಿಟ್ಟಿನ ಗಿರಣಿಯಲ್ಲಿ ಮಡಿವಾಳೆಪ್ಪನ ಹೆಂಡತಿ ರೇವವ್ವನ ಕಿವಿಯಲ್ಲಿ ಒಂದು ಮಾತು ಬಿಟ್ಟೆ. "ಹೇಣ್ತಿ ರಕ್ತ ಗಂಡನ ಮೈಯಾಗ ಹ್ವಾದ್ರ ಇಬ್ಬರೂ ಒಂದ ರಕ್ತದವರು ಆದಂಗಲ್ಲೇನ ಬೇ? ಒಡಹುಟ್ಟಿದವರ ಹಂಗ? ಆಮ್ಯಾಲೆ ಸಂಸಾರ ಹೆಂಗ ಮಾಡೂದು?" ರೇವವ್ವ ಕಣ್ಣು ಅಗಲಿಸಿ ಬುಟ್ಟಿ ಅಲ್ಲೇ ಬಿಟ್ಟು ಹೋದಳು. ಸಂಜೆಯೊಳಗೆ ಓಣಿಯೆಲ್ಲ ಅದೇ ಮಾತು. ಹಿರಿಯರು ಯಾರಾದರೂ ಬಂದು ಇದು ಕೂಡದು ಅನ್ನುತ್ತಾರೆ ಎಂದು ನಾನು ಕಾದು ಕೂತೆ. ಯಾರೂ ಬರಲಿಲ್ಲ, ರೇವವ್ವನೇ ತಿರುಗಿ ಬಂದಳು.

"ಅಲ್ಲ ಬೇ ಶಿವಗಂಗವ್ವಾ, ಛಲೋನ ಆತಲ್ಲ! ಆಕಿ ಅವರಿಗೆ ತಂಗಿ ಆದ್ಲು ಅಂದ್ರ ಇನ್ನ ಮುಂದ ನೀನ ಒಬ್ಬಾಕಿ ಹೇಣ್ತಿ!"

ಈ ಮಗ್ಗಲು ನನಗೆ ಹೊಳೆದೇ ಇರಲಿಲ್ಲ. ಆ ಸಂಜೆ ರೊಟ್ಟಿ ಬಡಿಯುವಾಗ ಕೈ ತಾನಾಗಿ ಕುಣಿಯುತ್ತಿತ್ತು. ಕೊಡಲಿ, ಒಂದಲ್ಲ ಎರಡು ಬಾಟ್ಲಿ ಕೊಡಲಿ ಎಂದುಕೊಂಡೆ. ಅಷ್ಟರಲ್ಲಿ ಗುರವ್ವ ಉಪ್ಪು ಹುರಿಯಲು ಒಲೆಯ ಹತ್ತಿರ ಬಂದಳು. ಆಕೆಗೂ ಸುದ್ದಿ ಮುಟ್ಟಿತ್ತು.

"ಓಣ್ಯಾಗ ಏನೇನೋ ಅನ್ನಾಕತ್ತಾರ ಶಿವಗಂಗಾ. ತಂಗಿ ಆದ್ರ ಆದೆ, ಬಿಡ. ಅವರು ಎದ್ದು ನಾಕ ಹೆಜ್ಜಿ ನಡದ್ರ ನನಗಷ್ಟ ಸಾಕು. ಗಂಡ ನಿನಗ ಇರ್ಲಿ."

ಹಂಚಿನ ಮೇಲೆ ಉಪ್ಪು ಚಟಚಟ ಅನ್ನುತ್ತಿತ್ತು. ಆಕೆ ಅದನ್ನು ಗಂಟು ಕಟ್ಟಿಕೊಂಡು ಪಡಸಾಲೆಗೆ ಹೋದಳು. ಇಂಥವಳ ಜೊತೆ ಜಗಳ ಹೂಡುವುದು ಹೇಗೆ? ಬಿಟ್ಟುಕೊಟ್ಟೂ ಮೇಲಾಗುವವಳನ್ನು ಕೆಳಗೆ ಹಾಕುವುದು ಹೇಗೆ? ನನ್ನ ಹೊಟ್ಟೆಕಿಚ್ಚು ಅವತ್ತು ಎರಡು ಪಟ್ಟಾಯಿತು. ಆಕೆ ರಕ್ತ ಕೊಡುವುದನ್ನು ತಡೆಯಲು ಆಗುವುದಿಲ್ಲ ಎಂದು ನನಗೆ ತಿಳಿಯಿತು. ಕೊಡಲಿ, ಆದರೆ ಅದು ಬಾಟ್ಲಿಯಲ್ಲೇ ಉಳಿಯಬೇಕು. ಅವರ ಮೈಯಿಂದ ರಕ್ತ ಹೋದರೆ ತಾನೇ ಹೊರಗಿನದು ಬೇಕಾಗುವುದು? ಹೋಗದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದು ನಿರ್ಧರಿಸಿದೆ.

ಅಂದಿನಿಂದ ನನ್ನಷ್ಟು ಕಾಳಜಿಯ ಹೆಂಡತಿ ಜಿಲ್ಲೆಯಲ್ಲೇ ಇರಲಿಲ್ಲ. ಆಪರೇಶನ್ನಿಗೆ ಹತ್ತು ದಿನ ಮೊದಲಿನಿಂದ ನೋವಿನ ಬಿಳಿ ಗುಳಿಗೆ ನುಂಗಬಾರದು, ಅದರಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗುಳಿಗೆ ನಿಲ್ಲಿಸಿದ್ದೇ ಮನೆಯವರು ಮಗುವಿನ ಹಾಗೆ ನರಳತೊಡಗಿದರು. ಮೂರನೆಯ ದಿನ ಅವರ ನರಳಾಟ ಥಟ್ಟನೆ ನಿಂತಿತು. ನನಗೆ ಸಂಶಯ ಬಂತು. ಗುರವ್ವ ಜಳಕಕ್ಕೆ ಹೋದಾಗ ಆಕೆಯ ಎಲೆಯಡಿಕೆ ಸಂಚಿ ಹುಡುಕಿದರೆ ಅಡಿಕೆಯ ನಡುವೆ ಗುಳಿಗೆ. ಅವರ ಸಂಕಟ ನೋಡಲಾರದೆ ಬೆಲ್ಲದಲ್ಲಿ ಅರೆದು ತಿನ್ನಿಸಿದ್ದಳು.

"ಇದನ್ನ ಕೊಟ್ರ ರಕ್ತ ನೀರಿನಂಗ ಹರೀತೈತಿ ಅಂತ ಡಾಕ್ಟರು ನಿನ್ನ ಮುಂದ ಹೇಳಿಲ್ಲೇನ?" ಎಂದು ಅಂಗಳದಲ್ಲೇ ಕೂಗಾಡಿದೆ. ಆಕೆ ಬಿಳಿಚಿಕೊಂಡಳು. "ಒಂದ ಕೊಟ್ಟಿದ್ನೆ. ಒಂದರಿಂದ ಏನ್ ಆದೀತು ಅನ್ಕೊಂಡ್ನೆ" ಎಂದಳು. ಗುಳಿಗೆಗಳನ್ನು ಗಟಾರಕ್ಕೆ ಸುರಿದೆ. ಆಮೇಲೆ ಆಕೆ ಅವನ್ನು ಮುಟ್ಟಲಿಲ್ಲ, ಅವರು ನರಳುವಾಗ ಕಾಲು ಒತ್ತುತ್ತ ತಾನೂ ಕಣ್ಣೀರು ಹಾಕುತ್ತಿದ್ದಳು. ಆಕೆಯನ್ನು ಹೀಗೆ ಬೈಯಲು ಒಂದು ಕಾರಣ ಸಿಕ್ಕಿತಲ್ಲ ಎಂದು ನನಗೆ ಖುಷಿಯೇ ಆಯಿತು.

ಆಪರೇಶನ್ನಿನ ಹಿಂದಿನ ದಿನ ಗುರವ್ವನ ತೋಳಿನಿಂದ ರಕ್ತ ತೆಗೆದರು. ಒಂದು ಗಾಜಿನ ಬಾಟ್ಲಿ ತುಂಬಿತು. ಮೇಲೆ ಚೀಟಿ ಅಂಟಿಸಿ, ಆಕೆಯ ಹೆಸರು ಬರೆದು ತಂಪಿನ ಪೆಟ್ಟಿಗೆಯಲ್ಲಿಟ್ಟರು. ನಾನು ಅಷ್ಟರೊಳಗೆ ವತ್ಸಲಾಬಾಯಿಯ ಬೆನ್ನು ಹತ್ತಿದ್ದೆ. ರಕ್ತ ಜಾಸ್ತಿ ಹೋಗದಂತೆ ಪೇಷಂಟಿನ ಕಡೆಯವರು ಏನೇನು ಮಾಡಬಹುದು ಎಂದು ಕೇಳಿ ಕೇಳಿ ಆಕೆಯ ತಲೆ ತಿಂದೆ.

"ಪಟ್ಟಿ ನಾವು ಬಿಗಿಯಾಗಿ ಸುತ್ತಿರ್ತೇವಿ" ಎಂದು ಆಕೆ ಹೇಳಿದಳು. "ಕಾಲು ಎತ್ತರದಾಗ ಇರಬೇಕು. ನಮ್ಮ ಡಾಕ್ಟರರು ಮೊದಲನೇ ದಿವಸ ಮೊಣಕಾಲು ಸ್ವಲ್ಪ ಮಡಿಚೇ ಇಡಸ್ತಾರ, ಚಾಚಿದ್ರ ಹೆಚ್ಚು ಜಿನುಗತದ ಅಂತಾರ. ಮ್ಯಾಲೆ ಬರ್ಫ ಇಡಬೇಕು. ಇಷ್ಟು ಮಾಡಿದ್ರ ಸಾಕವ್ವ. ಆದ್ರ ಪೇಷಂಟ್ ಅರಬರಿಕಿ ಎಚ್ಚರಾದಾಗ ಕಾಲು ಚಾಚಿಬಿಡ್ತಾರ. ದಿಂಬು ಜಾರತದ. ನಾವು ಎಷ್ಟು ಮಂದೀನ್ನ ನೋಡೂಣು?"

ದವಾಖಾನೆಯ ದಿಂಬು ಹಿಸುಕಿ ನೋಡಿದೆ, ಹಳೆಯ ಹತ್ತಿ, ಬಾಡಿದ ಬದನೆಕಾಯಿಯ ಹಾಗಿತ್ತು. ಮಗನನ್ನು ಮಧ್ಯಾಹ್ನದ ರೈಲಿಗೆ ಅಟ್ಟಿ ನಮ್ಮ ಅಂಗಡಿಯ ಗಾದಿಯ ಮೇಲಿನ ಎರಡು ಲೋಡು ತರಿಸಿದೆ. ಅವು ಹೊಸ ಹತ್ತಿ ತುಂಬಿ ಕಲ್ಲಿನ ಹಾಗೆ ಬಿಗಿದವು.

ಬೆಳಿಗ್ಗೆ ಎಂಟಕ್ಕೆ ಅವರನ್ನು ಒಳಗೆ ಒಯ್ದರು. ಮೈಮೇಲಿನದನ್ನೆಲ್ಲ ತೆಗೆಯಿರಿ ಎಂದಾಗ ಕೊರಳಿನ ಲಿಂಗ ಬಿಚ್ಚಲು ಅವರು ಒಪ್ಪಲಿಲ್ಲ. ಗುರವ್ವ ವತ್ಸಲಾಬಾಯಿಯನ್ನು ಕೇಳಿ, ಅದನ್ನು ಕುದಿಸಿದ ಬಿಳಿ ಬಟ್ಟೆಯಲ್ಲಿ ಸುತ್ತಿ ಎಡರಟ್ಟೆಗೆ ಕಟ್ಟಿದಳು. ಇದು ನನಗೆ ಮೊದಲು ಹೊಳೆಯಲಿಲ್ಲವಲ್ಲ ಎಂದು ಅಲ್ಲಿಯೂ ನನಗೆ ಸಂಕಟ.

ಹನ್ನೊಂದಕ್ಕೆ ಹೊರಗೆ ತಂದರು. ತೊಡೆಯಿಂದ ಮೀನಖಂಡದವರೆಗೆ ದಪ್ಪ ಪಟ್ಟಿ. ಅದರೊಳಗಿಂದ ಒಂದು ನಳಿಗೆ ಹೊರಬಿದ್ದು ಮಂಚದ ಕೆಳಗಿನ ಖಾಲಿ ಬಾಟ್ಲಿಗೆ ಇಳಿದಿತ್ತು. ಕೆಂಪು ಹನಿ ಹನಿಯಾಗಿ ಅದಕ್ಕೆ ಬೀಳುತ್ತಿತ್ತು. ಡಾಕ್ಟರು ಆ ಬಾಟ್ಲಿಯ ಮೇಲೆ ಒಂದು ಬಿಳಿ ಪಟ್ಟಿಯ ತುಣುಕು ಅಂಟಿಸಿದರು.

"ಸಂಜಿ ಆರರೊಳಗ ರಕ್ತ ಈ ಪಟ್ಟಿ ಮುಟ್ಟಿತು ಅಂದ್ರ ಗುರವ್ವಾಬಾಯಿಯವರ ಬಾಟ್ಲಿ ಹಚ್ಚೂದು. ಮುಟ್ಟದಿದ್ರ ನಾಳೆ ಪರೀಕ್ಷಾ ಮಾಡಿ ನೋಡೂಣು."

ಒಬ್ಬರೇ ಒಳಗಿರಬೇಕು ಎಂಬ ನಿಯಮ. ನಾನು ಇರುತ್ತೇನೆ ಎಂದೆ. ಗುರವ್ವ ತಕರಾರು ಮಾಡದೆ ಹೊರಗಿನ ಬಾಂಕಿನ ಮೇಲೆ ಹೋಗಿ ಕೂತಳು.

ಬಾಟ್ಲಿಯ ತಳದಿಂದ ಆ ಬಿಳಿ ಪಟ್ಟಿಗೆ ಆರು ಬೆರಳು ಅಂತರವಿತ್ತು. ನಾನು ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ತಾಸಿಗೊಮ್ಮೆ ರಕ್ತದ ಮಟ್ಟಕ್ಕೆ ಗಾಜಿನ ಮೇಲೆ ಗೆರೆ ಎಳೆಯತೊಡಗಿದೆ. ಮೊದಲನೆಯ ತಾಸಿಗೆ ಮೂರು ಬೆರಳು ಏರಿತು. ಎರಡು ಲೋಡುಗಳನ್ನು ಅವರ ಕಾಲಿನ ಕೆಳಗೆ ಸೇರಿಸಿ, ಡಾಕ್ಟರು ತೋರಿಸಿದಷ್ಟೇ ಮೊಣಕಾಲು ಮಡಿಚಿ, ಎರಡೂ ಬದಿಯಿಂದ ನನ್ನ ಕೈಗಳನ್ನು ಆನಿಸಿ ಕೂತೆ. ಮಗ ಸೋಡಾ ಅಂಗಡಿಯಿಂದ ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿದ ಬರ್ಫ ತಂದು ಬಾಗಿಲಲ್ಲಿ ಕೊಟ್ಟು ಹೋದ. ವತ್ಸಲಾಬಾಯಿ ಅದನ್ನು ರಬ್ಬರಿನ ಚೀಲಕ್ಕೆ ತುಂಬಿ ಪಟ್ಟಿಯ ಮೇಲಿಟ್ಟಳು. ಎರಡನೆಯ ತಾಸಿಗೆ ಒಂದೂವರೆ ಬೆರಳು.

ಗುರವ್ವ ಬಾಗಿಲಿಗೆ ಬಂದು, "ಹಚ್ಚಿದ್ರೇನ?" ಎಂದು ಕೇಳಿದಳು. "ಇನ್ನೂ ಇಲ್ಲ" ಎಂದೆ. ನನ್ನ ದನಿಯಲ್ಲಿದ್ದ ಸಂತೋಷ ಆಕೆಗೆ ಕೇಳಿಸಿತೋ ಇಲ್ಲವೋ.

ಮೂರನೆಯ ತಾಸಿನಲ್ಲಿ ಅವರಿಗೆ ಅರ್ಧ ಎಚ್ಚರವಾಯಿತು. "ಗುರವ್ವಾ" ಎಂದರು. ನಾನು ಕಾಲು ಹಿಡಿದು ಕೂತಿದ್ದೆ, ಅವರ ಬಾಯಿಗೆ ಬಂದದ್ದು ಆ ಹೆಸರೇ. ಅನ್ನುತ್ತಲೇ ಕಾಲು ಝಾಡಿಸಿ ಚಾಚಿದರು. ನಳಿಗೆಯಲ್ಲಿ ಕೆಂಪು ಒಮ್ಮೆಲೇ ಜೋರಾಯಿತು. ನಾನು ಮೈಭಾರವೆಲ್ಲ ಹಾಕಿ ತೊಡೆಯನ್ನು ತಡೆದು ಮತ್ತೆ ಮಡಿಚಿಸುವಷ್ಟರಲ್ಲಿ ಒಂದು ಬೆರಳು ಏರಿಬಿಟ್ಟಿತ್ತು. ಇನ್ನು ಅರ್ಧ ಬೆರಳು ಉಳಿದಿತ್ತು. ಅವರ ಮುಖ ನೋಡಿದೆ, ಬೂದಿ ಬಳಿದಂತಿತ್ತು. ಆಗ ಒಂದು ಗಳಿಗೆ, ನಿಜ ಹೇಳುತ್ತೇನೆ, ಸವತಿಯೂ ನೆನಪಾಗಲಿಲ್ಲ ಬಾಟ್ಲಿಯೂ ನೆನಪಾಗಲಿಲ್ಲ. ಇವರು ಹೋಗಿಬಿಟ್ಟರೆ ಎಂಬ ಭಯ ಒಂದೇ ಇತ್ತು.

ಅದೇ ಹೊತ್ತಿಗೆ ಗುರವ್ವ ಒಳಗೆ ಬಂದಳು. ಅವರು ಕೂಗಿದ್ದು ಹೊರಗೆ ಕೇಳಿಸಿತ್ತು. ಕೈಯಲ್ಲಿ ಹೊಗೆಯಾಡುವ ಉಪ್ಪಿನ ಗಂಟು, ದವಾಖಾನೆಯ ಹಿತ್ತಲಿನಲ್ಲಿ ಅಡಿಗೆ ಮಾಡಿಕೊಳ್ಳುವವರ ಸ್ಟೋವಿನ ಮೇಲೆ ಹುರಿದು ತಂದಿದ್ದಳು.

"ಆಚೆ ಸರಿ ಸ್ವಲ್ಪ. ಶಾಖ ಕೊಡ್ತೀನಿ. ಹತ್ತ ವರ್ಷ ಇದರಿಂದನ ನಿದ್ದಿ ಮಾಡ್ಯಾರ ಅವರು."

"ಬಿಸಿ ತಾಗಿಸಿದ್ರ ರಕ್ತ ಕಟ್ಟೂದಿಲ್ಲ, ಇನ್ನೂ ಹರೀತೈತಿ! ಅದಕ್ಕ ಬರ್ಫ ಇಟ್ಟಾರ, ಕಾಣೂದಿಲ್ಲೇನ ನಿನಗ?" ಎಂದು ಹಲ್ಲು ಕಚ್ಚಿ ಹೇಳಿದೆ. ಕೈ ಬಿಡುವಂತಿರಲಿಲ್ಲ, ಇಲ್ಲವಾದರೆ ದೂಡಿಯೇಬಿಡುತ್ತಿದ್ದೆ.

ಆಕೆ ಅಲ್ಲೇ ನಿಂತಳು. ಬೇಕೆಂದೇ ತಂದಳೇ, ರಕ್ತ ಹರಿಯಲಿ, ತನ್ನ ಬಾಟ್ಲಿ ಹಚ್ಚಲಿ ಎಂದು ತಂದಳೇ, ಎಂಬ ಯೋಚನೆಯೂ ನನಗೆ ಬಂತು. ಎಲ್ಲ ಬರೆಯುತ್ತೇನೆ ಎಂದ ಮೇಲೆ ಇದನ್ನೂ ಬರೆಯಬೇಕು. ಆಕೆ ಮಂಚದ ಕೆಳಗಿನ ಸುಣ್ಣದ ಗೆರೆಗಳನ್ನು ನೋಡಿದಳು, ನನ್ನ ಕೈಗಳನ್ನು ನೋಡಿದಳು. "ಹಿಡಕೊ, ಬಿಡಬ್ಯಾಡ" ಎಂದಳು. ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಹೋದಳು.

ನಾನು ಬಿಡಲಿಲ್ಲ. ನೀರು ಕುಡಿಯಲಿಲ್ಲ, ಏಳಲಿಲ್ಲ. ತೋಳು ಮರಗಟ್ಟಿದವು. ನಾಲ್ಕು ಗಂಟೆಯ ಗೆರೆ ಒಂದು ಕಾಳಿನಷ್ಟು ಮೇಲೆ, ಐದರದು ಎಳ್ಳಿನಷ್ಟು. ಆರಕ್ಕೆ ಡಾಕ್ಟರು ಬಂದು ಬಗ್ಗಿ ನೋಡಿ, ಸುಣ್ಣದ ಗೆರೆಗಳಿಗೆ ನಕ್ಕು, "ನಿಂತದ" ಎಂದರು. ಕೊನೆಯ ಗೆರೆ ಪಟ್ಟಿಗೆ ಒಂದು ದಾರದಷ್ಟು ಕೆಳಗಿತ್ತು.

ಮರುದಿನ ಬೆಳಿಗ್ಗೆ, ಅವರು ಇನ್ನೂ ಔಷಧದ ಮಂಪರಿನಲ್ಲಿದ್ದಾಗಲೇ, ಬೆರಳು ಚುಚ್ಚಿ ಪರೀಕ್ಷೆ ಮಾಡಿದರು. ಡಾಕ್ಟರು ಚೀಟಿ ನೋಡಿ, "ಹೊರಗಿನ ರಕ್ತ ಬ್ಯಾಡ. ಇವರದ ಇವರಿಗೆ ಸಾಕು. ಅಗದಿ ಛಲೋ ಕಾಳಜಿ ತಗೊಂಡೀರಿ, ಅವ್ವಾ" ಎಂದರು. ಮೂವತ್ತೊಂದು ವರ್ಷದಲ್ಲಿ ನಾನು ಮೊದಲ ಸಲ ಗೆದ್ದಿದ್ದೆ. ಈ ಸುದ್ದಿಯನ್ನು ನಾನೇ ಗುರವ್ವನಿಗೆ ಹೇಳಬೇಕು, ಹೇಳುವಾಗ ಆಕೆಯ ಮುಖ ನೋಡಬೇಕು ಎಂದು ಸೆರಗು ಸರಿಮಾಡಿಕೊಂಡೆ.

ಆಗ ವತ್ಸಲಾಬಾಯಿ ನನ್ನನ್ನು ಬದಿಗೆ ಕರೆದಳು. ಹೆಂಗಸರ ವಾರ್ಡಿನಲ್ಲಿ ನವಲಗುಂದದ ಶಮೀಮಾಬಿ ಎಂಬ ಹುಡುಗಿ, ಜಮಖಾನೆ ನೇಯುವವರ ಮನೆಯವಳು, ಹೆರಿಗೆಯಾಗಿ ರಕ್ತ ನಿಲ್ಲದೆ ಮಲಗಿದ್ದಳು. ಆಕೆಗೂ ಇದೇ ಗುಂಪು ಬೇಕಿತ್ತು. ಆಕೆಯ ತಾಯಿ ಮಲಿಕಾಬಿ ಬಾಗಿಲಿಗೆ ಆತು ನಿಂತಿದ್ದಳು. "ನಿಮ್ಮ ಬಾಟ್ಲಿ ಉಳದದ, ಕೊಡ್ತೀರೇನು?" ಎಂದಳು ವತ್ಸಲಾಬಾಯಿ. "ಒಯ್ರಿ" ಎಂದೆ. ಅಷ್ಟು ಬೇಗ ಹೇಳಿದ್ದು ದೊಡ್ಡ ಮನಸ್ಸಿನಿಂದಲ್ಲ, ಆ ಬಾಟ್ಲಿ ಕಣ್ಣ ಮುಂದಿನಿಂದ ತೊಲಗಲಿ ಎಂದು. ಮಲಿಕಾಬಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಹೊರಗೆ ಬಂದೆ. ಗುರವ್ವ ಅದೇ ಬಾಂಕಿನ ಮೇಲೆ ರಟ್ಟೆಯ ಪಟ್ಟಿಯ ಮೇಲೆ ಕೈಯಿಟ್ಟು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಕೆ ಮಾತಾಡಿದಳು.

"ಶಿವಗಂಗಾ, ನಿನ್ನ ಮುಂದ ಅಂತೀನಿ, ಯಾರ ಮುಂದನೂ ಅಂದಿಲ್ಲ. ನಿನ್ನ ನೋಡಿದ್ರ ನನಗ ಭಾಳ ಹೊಟ್ಟಿ ಉರೀತಿತ್ತವಾ. ನೀ ಅವರಿಗೆ ಎರಡು ಮಕ್ಕಳನ್ನ ಕೊಟ್ಟಿ. ನಾ ಏನ್ ಕೊಟ್ಟೆ? ಉಪ್ಪಿನ ಶಾಖ ಕೊಟ್ಟೆ. ಇದೊಂದಾದ್ರೂ ನನ್ನ ಕಡಿಂದ ಅವರಿಗೆ ಹೋಗ್ಲಿ ಅಂತ ಬೇಡ್ಕೊಂಡೀನಿ. ಇದೊಂದ."

ನಾನು ಆಕೆಯ ಪಕ್ಕದಲ್ಲಿ ಕೂತೆ. ಗುರವ್ವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಇತ್ತೆಂದು ನನಗೆ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಿಳಿದಿರಲಿಲ್ಲ. ಅಷ್ಟರಲ್ಲಿ ವತ್ಸಲಾಬಾಯಿ ಬಾಟ್ಲಿ ಹಿಡಿದು ನಮ್ಮ ಮುಂದೆಯೇ ಬಂದಳು. ಮುಂದಿನ ಬಾಗಿಲು ದಾಟಿದರೆ ಎಡಕ್ಕೆ ಗಂಡಸರ ವಾರ್ಡು, ಬಲಕ್ಕೆ ಹೆಂಗಸರದು. ಗುರವ್ವ ಚೀಟಿಯ ಗುರುತು ಹಿಡಿದು ಎದ್ದು ನಿಂತಳು. ಆಕೆಗೆ ಓದಲು ಬಾರದು, ಆದರೆ ತನ್ನ ಹೆಸರಿನ ಆಕಾರ ನೋಡಿಟ್ಟುಕೊಂಡಿದ್ದಳು.

"ಅವರಿಗೇನ?" ಎಂದು ಕೇಳಿದಳು.

"ಹೂಂ ಅಕ್ಕಾ" ಎಂದೆ. "ಅವರಿಗೇ. ನಿನ್ನದ ಬೇಕಾತು."

ವತ್ಸಲಾಬಾಯಿ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಬಾಗಿಲು ದಾಟಿದಳು. ಬಾಗಿಲು ಮುಚ್ಚಿಕೊಂಡದ್ದರಿಂದ ಆಕೆ ಯಾವ ಕಡೆ ಹೊರಳಿದಳೆಂದು ಗುರವ್ವನಿಗೆ ಕಾಣಲಿಲ್ಲ. ಆಕೆ ಬಾಂಕಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನೂ ಅತ್ತೆ, ಯಾಕೆಂದು ಆಕೆ ಕೇಳಲಿಲ್ಲ.

ಆ ಸುಳ್ಳಿನ ಶಿಕ್ಷೆ ಅನುಭವಿಸಿದ್ದು ನಾನು. ಮನೆಯವರಿಗೂ ಅದನ್ನೇ ಹೇಳಬೇಕಾಯಿತು. ಮೂರು ವಾರಕ್ಕೆ ಕೋಲು ಹಿಡಿದು ನಡೆದರು, ಮೂರು ತಿಂಗಳಿಗೆ ಕೋಲಿಲ್ಲದೆ ಪೇಟೆಗೆ ಹೋದರು. ಹೋದಲ್ಲೆಲ್ಲ, "ಕೀಲು ಡಾಕ್ಟರದು, ರಕ್ತ ಗುರವ್ವಂದು" ಎಂದು ಮೊಣಕಾಲು ತಟ್ಟಿ ತೋರಿಸುವರು. ಮಡಿವಾಳೆಪ್ಪ ಗುಡಗೇರಿಯಿಂದ ಬಂದು ಗುರವ್ವನ ಕಾಲಿಗೆ ಬಿದ್ದ. ಓಣಿಯ ಹೆಂಗಸರು ಹಬ್ಬದ ದಿನ ಆಕೆಗೆ ಮೊದಲು ಎಲೆ ಹಾಕಿದರು. ನಾನು ಬಡಿಸುತ್ತಿದ್ದೆ. ಹೇಳಿಬಿಡಲೇ, ಒಂದು ಹನಿಯೂ ಆಕೆಯದಲ್ಲ, ಒಳಗಿರುವುದೆಲ್ಲ ಅವರದ್ದೇ, ಹಿಡಿದು ನಿಲ್ಲಿಸಿದವಳು ನಾನು ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಬಂದಾಗಲೆಲ್ಲ ಬಾಯಿಗೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ನಡೆಯದೇ ಇದ್ದ ಸಂಗತಿಗೆ ಹೊಟ್ಟೆಕಿಚ್ಚು ಪಟ್ಟವಳು ನನ್ನ ಹೊರತು ಇನ್ನೊಬ್ಬಳು ಇರಲಿಕ್ಕಿಲ್ಲ.

ಒಂದು ದಿನ ನವಲಗುಂದದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಲಿಕಾಬಿ ಒಂದು ಸಣ್ಣ ಜಮಖಾನೆ ಕಳಿಸಿದಳು. ಕೆಂಪು, ಹಳದಿ, ನಡುವೆ ಎರಡು ನವಿಲು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಇದು ಮಗಳೇ ನೇಯ್ದದ್ದು ಎಂದು ಹೇಳಿ ಕಳಿಸಿದ್ದಳು. ನಾನು ಸಂತೆಯಲ್ಲಿ ಕೊಂಡೆ ಎಂದು ಸುಳ್ಳು ಹೇಳಿ ಅದನ್ನು ಗುರವ್ವನ ಮಂಚದ ಮೇಲೆ ಹಾಸಿದೆ. "ನನಗ್ಯಾಕ ಇಷ್ಟ ಚಂದಂದು? ನೀ ಹಾಸ್ಕೊ" ಎಂದಳು. "ನಿನಗನ ತಂದದ್ದು, ಸುಮ್ಮನ ಮಲಕ್ಕೊ" ಎಂದು ಗದರಿಸಿದೆ. ಮೂರು ವರ್ಷ ಅದರ ಮೇಲೇ ಮಲಗಿದಳು. ಹೋದ ವರ್ಷ ನಾಲ್ಕು ದಿನದ ಜ್ವರದಲ್ಲಿ ಹೋದದ್ದೂ ಅದರ ಮೇಲೆಯೇ.

ನಿನ್ನೆ ಸಂಜೆ ಮನೆಯವರು ಇದನ್ನು ಓದಿಸಿಕೊಂಡರು. ಗುಡಗೇರಿಗೆ ಹೆಣ್ಣು ನೋಡಲು ಬಂದದ್ದು, ಬಾಳೆಹಣ್ಣು, ಬಾಣಂತನ, ಉಪ್ಪಿನ ಶಾಖ, ಎಲ್ಲ ಓದಿದೆ. ಗಿರಣಿಯ ಮಾತು ಬಿಟ್ಟೆ. ದವಾಖಾನೆಗೆ ಬಂದಾಗ ಕಾಗದದ ಮೇಲಿನದನ್ನು ಬಿಟ್ಟು ಬಾಯಿಗೆ ಬಂದದ್ದನ್ನು ಓದಿದೆ. ಅವರು ಪೊರೆ ಬಂದ ಕಣ್ಣು ಮುಚ್ಚಿ ಕೇಳುತ್ತಿದ್ದರು, ಬಲಗಾಲು ನೆಟ್ಟಗೆ ಮುಂದಕ್ಕೆ ಚಾಚಿತ್ತು. ಓದಿ ಮುಗಿಸಿದಾಗ ಆ ಮೊಣಕಾಲಿನ ಮೇಲೆ ಕೈಯಿಟ್ಟರು.

"ಆಕಿ ಎಲ್ಲಿ ಹೋಗ್ಯಾಳ ಬಿಡ. ಇದರಾಗ ಅದಾಳ. ಅದನ್ನ ಬರದೀಯಿಲ್ಲೋ?"

"ಬರದೀನ್ರಿ" ಎಂದೆ.